ಗೌರಿ ಹಾಲು ಕೊಟ್ಟರೆ ನೀರಿನ ಪಾರ್ಕು

ಸವಣೂರು ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ನಗೆಯ ಪ್ರಸಂಗಗಳನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋದದ್ದಿಲ್ಲ. ಅವು ಅಳತೆಯ ರವಿಕೆ ಹಿಡಿದುಕೊಂಡು ತಾವಾಗಿಯೇ ನನ್ನ ಬಾಗಿಲಿಗೆ ಬರುತ್ತವೆ. ಸಾಲದ್ದಕ್ಕೆ ನಮ್ಮ ಹತ್ತು ಹೆಂಗಸರ ಸ್ವಸಹಾಯ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಬೇರೆ ಮಾಡಿದ್ದಾರೆ. ಕಳೆದ ವರ್ಷ ಸಂಘದಿಂದ ನೀರಿನ ಪಾರ್ಕಿಗೆ ಹೋದೆವು. ಹೋಗಿ ಬಂದದ್ದು ಒಂದು ದಿನ, ಹೊರಡಲಿಕ್ಕೆ ಹಿಡಿದದ್ದು ಮೂರು ತಿಂಗಳು.

೧. ದೇವರಿಗೆ ಪುರುಸೊತ್ತು

ನಮ್ಮ ಪ್ರವಾಸವೆಂದರೆ ಹತ್ತಿರದ ಒಂದು ದೇವಸ್ಥಾನ, ಅಲ್ಲಿ ಊಟ, ಮೂರು ಗಂಟೆಗೆ ವಾಪಸು ಮನೆ. "ಈ ಸಲ ಎಲ್ಲಿಗೆ?" ಎಂದು ಸಭೆಯಲ್ಲಿ ಕೇಳಿದೆ. ಏಳು ಜನ ಏಳು ದೇವಸ್ಥಾನ ಹೇಳಿದರು. ಸಂಘದಲ್ಲಿ ಒಬ್ಬರೇ ಮುಸ್ಲಿಮರಾದ ಬಟ್ಟೆ ಅಂಗಡಿಯ ಬ್ಯಾರಿ ಅಕ್ಕ, "ನೀವು ಎಲ್ಲಿಗೆ ಹೋದ್ರೂ ನಾನು ಹೊರಗೆ ಕೂತು ಚಪ್ಪಲಿ ಕಾಯುದೇ ಅಲ್ವಾ, ಎಲ್ಲಿಯಾದ್ರೂ ಆಗ್ಬಹುದು" ಎಂದರು. ಕೊನೆಗೆ ಬಾಯಿ ಬಿಟ್ಟವರು ದೊಡ್ಡಕ್ಕ. ಅರುವತ್ತು ದಾಟಿದ ಅವರೇ ಸಂಘದಲ್ಲಿ ಎಲ್ಲರಿಗಿಂತ ಹಿರಿಯರು.

"ಮೊಮ್ಮಗಳು ಮೊಬೈಲಿನಲ್ಲಿ ತೋರಿಸಿದ್ದಾಳೆ. ಮೇಲೆ ಹತ್ತಿ ಒಂದು ದೊಡ್ಡ ಪೈಪಿನ ಒಳಗೆ ಕೂತ್ರೆ ಸುಂಯ್ ಅಂತ ಕೆಳಗೆ ನೀರಿಗೆ ಬೀಳುದು. ನನಗೆ ಅಲ್ಲಿಗೆ ಹೋಗ್ಬೇಕು."

"ದೊಡ್ಡಕ್ಕಾ, ದೇವರು ಎಂತ ಹೇಳಿಯಾರು?" ಎಂದಳು ಒಬ್ಬಳು.

"ಎಂತ ಹೇಳುದು? ವರ್ಷ ವರ್ಷ ಹೋಗಿ ಕಷ್ಟ ಹೇಳಿ ಹೇಳಿ ಅವರ ಕಿವಿಯೂ ಬಚ್ಚಿ ಸೋತಿರ್ಬಹುದು. ಒಂದು ವರ್ಷ ಅವರಿಗೂ ಪುರುಸೊತ್ತಾಗ್ಲಿ ಮಾರಾಯ್ತಿ."

ಎಲ್ಲರೂ ಕೈ ಎತ್ತಿದರು. ಮನೆಗಳಲ್ಲಿ ಗಲಾಟೆ ಆಗದಿರಲಿ ಎಂದು ನಾನು ನಿರ್ಣಯ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದೆ: "ದಾರಿಯಲ್ಲಿ ಸಿಗುವ ಎಲ್ಲ ದೇವಸ್ಥಾನಗಳಿಗೂ ವ್ಯಾನಿನಿಂದಲೇ ಕೈ ಮುಗಿಯತಕ್ಕದ್ದು."

೨. ಮುಹೂರ್ತ

ದಿನ ನೋಡಲು ಕ್ಯಾಲೆಂಡರ್ ಇಳಿಸಿದೆವು. ಭಾನುವಾರಗಳೆಲ್ಲ ಮದುವೆ, ಗೃಹಪ್ರವೇಶಗಳಿಗೆ ಹೋದವು. ಒಬ್ಬಳ ಮನೆಯಲ್ಲಿ ಭೂತಕೋಲ, ಇನ್ನೊಬ್ಬಳ ಮನೆಯಲ್ಲಿ ಮಾವನ ವರ್ಷಾಂತಿಕ. ಬ್ಯಾರಿ ಅಕ್ಕನಿಗೆ ಶುಕ್ರವಾರ ಆಗುವುದಿಲ್ಲ, ಉಪವಾಸದ ತಿಂಗಳು ಬರುವ ಮೊದಲೇ ಹೋಗಿ ಬರಬೇಕು. ನಾನು ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದೊಂದೇ ದಿನ ಹೊಡೆದು ಹಾಕುತ್ತಾ ಬಂದೆ. ಉಳಿದದ್ದು ಒಂದೇ ಒಂದು ಶನಿವಾರ. ಆಗ ಒಬ್ಬಳು ಮೆಲ್ಲ, "ಅದು ಅಮಾವಾಸ್ಯೆ ಅಲ್ವಾ?" ಎಂದಳು.

ದೊಡ್ಡಕ್ಕ ಸಿಡಿದರು. "ಗೃಹಪ್ರವೇಶ ಅಲ್ಲ ಮಾರಾಯ್ತಿ, ನೀರಿಗೆ ಬೀಳುದು! ಬೀಳ್ಲಿಕ್ಕೆ ಯಾರು ಮುಹೂರ್ತ ನೋಡ್ತಾರೆ?"

೩. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ

ಪಾರ್ಕಿನವರಿಗೆ ಫೋನು ಮಾಡಿದರೆ ಸೀರೆ ಆಗುವುದಿಲ್ಲ, ನೈಟಿ ಆಗುವುದಿಲ್ಲ, ನೈಲಾನಿನ ಈಜುಬಟ್ಟೆಯೇ ಬೇಕು ಎಂದರು. ಸಂಘಕ್ಕೆ ಹೆಣ ಬಿದ್ದ ಮನೆಯ ಕಳೆ ಬಂತು. ಬ್ಯಾರಿ ಅಕ್ಕನ ತಂಗಿ ಗಲ್ಫಿನಿಂದ ಒಂದು ಫೋಟೋ ಕಳಿಸಿದಳು. ಕೈ ಪೂರ್ತಿ, ಕಾಲು ಪೂರ್ತಿ, ತಲೆಗೊಂದು ಟೊಪ್ಪಿ. ಎಲ್ಲರಿಗೂ ಹೋದ ಜೀವ ಬಂತು. "ನನಗೂ ಇದೇ, ನನಗೂ ಇದೇ" ಎಂದು ಒಂಬತ್ತು ಜನ ಹಿಂದೂ ಹೆಂಗಸರು ಮುಗಿಬಿದ್ದರು.

ಪುತ್ತೂರಿನಿಂದ ಒಂದೇ ಥಾನು ನೀಲಿ ನೈಲಾನು ತಂದು ಹೊಲಿಯಲು ಕೂತೆ. ಒಬ್ಬಳಿಗೆ ಕುತ್ತಿಗೆ ಸ್ವಲ್ಪ ಮೇಲೆ ಬರಬೇಕು, ಇನ್ನೊಬ್ಬಳಿಗೆ ಅಂಗಿ ಮೊಣಕಾಲಿನ ಕೆಳಗೆ ಇಳಿಯಬೇಕು. ಒಬ್ಬಳಿಗೆ ಮೇಲಿನಿಂದ ಒಂದು ಶಾಲೂ ಬೇಕು. ದೊಡ್ಡಕ್ಕನಿಗೆ ಎಲೆ ಅಡಿಕೆ ಇಡಲು ಕಿಸೆ ಬೇಕು. ಇಪ್ಪತ್ತು ವರ್ಷದ ಕಸುಬಿನಲ್ಲಿ ನನಗೆ ಇಷ್ಟು ಸಿಟ್ಟು ಬಂದದ್ದಿಲ್ಲ.

ಹತ್ತೂ ಜನ ತಲೆಯಿಂದ ಕಾಲಿನವರೆಗೆ ನೀಲಿಯಾಗಿ ಪಾರ್ಕಿನ ಬಾಗಿಲಲ್ಲಿ ಸಾಲು ನಿಂತಾಗ ಕಾವಲುಗಾರ ಎದ್ದು ನಿಂತು ವಿನಯದಿಂದ ಕೇಳಿದ: "ಮೇಡಂ, ಬಾವಿಗೆ ಬಿದ್ದವರನ್ನು ತೆಗೆಯುವವರು ನೀವೇಯಾ?"

೪. ಗೌರಿಯ ಅಳತೆ

ಇದಕ್ಕೆಲ್ಲ ಮೊದಲು ಬಿಡಿಸಬೇಕಾದ ಒಂದು ಗಂಟು ಇತ್ತು. ದೊಡ್ಡಕ್ಕನ ದನ ಗೌರಿ. ಹೆಸರು ಬರೆದರೆ ಬೇಜಾರು ಮಾಡಿಕೊಳ್ಳದವಳು ಈ ಕತೆಯಲ್ಲಿ ಅವಳೊಬ್ಬಳೇ. ದೊಡ್ಡಕ್ಕನ ಕೈಗಲ್ಲದೆ ಬೇರೆ ಯಾರ ಕೈಗೂ ಅವಳು ಹಾಲು ಕೊಡುವುದಿಲ್ಲ. ಮರ್ಕಂಜದಲ್ಲಿ ಸ್ವಂತ ತಂಗಿಯ ಮಗಳ ಮದುವೆಗೆ ಹೋದ ದೊಡ್ಡಕ್ಕ, ಹಾಲು ಕರೆಯುವ ಹೊತ್ತಾಯಿತೆಂದು ಪಾಯಸ ಬಡಿಸುವ ಮೊದಲೇ ಎಲೆ ಮಡಚಿ ಓಡಿ ಬಂದಿದ್ದರು. ಅದನ್ನು ಅವರು ನಗುತ್ತಲೇ ಹೇಳುತ್ತಾರೆ. ನನಗೆ ಮಾತ್ರ ಸಂಕಟವಾಗುತ್ತದೆ. ಪಾರ್ಕಿಗೆ ಮೂರು ಗಂಟೆಯ ದಾರಿ. ಬೆಳಿಗ್ಗೆ ಕರೆದು ಹೊರಡಬಹುದು, ಸಂಜೆಗೆ ಯಾರು?

"ನಾನು ಕರೆಯುತ್ತೇನೆ. ದನ ನನ್ನದೂ ಹೌದಲ್ವಾ?" ಎಂದರು ದೊಡ್ಡಕ್ಕನ ಯಜಮಾನರು. ಅವರನ್ನು ನಾನು ಭಾವ ಎಂದು ಕರೆಯುವುದು.

ಅಭ್ಯಾಸದ ಮೊದಲ ಸಂಜೆ ಭಾವ ಒಂದು ಕಡೆ, ಬಾಲ್ದಿ ಒಂದು ಕಡೆ. ಎರಡನೆಯ ಸಂಜೆ ಬಾಲದ ಪೆಟ್ಟಿಗೆ ಕನ್ನಡಕ ಗೊಬ್ಬರದ ಗುಂಡಿಗೆ. ಹೆಂಡತಿಯ ನೈಟಿ ಹಾಕಿ ಕೂತರೆ ದನಕ್ಕೆ ಗೊತ್ತಾಗುವುದಿಲ್ಲ ಎಂದು ಯಾರೋ ಹೇಳಿಕೊಟ್ಟರು. ಮೂರನೆಯ ಸಂಜೆ ದೊಡ್ಡಕ್ಕ ದನದ ಹಟ್ಟಿಯ ಹೊರಗೆ ನಿಂತು "ನಿಲ್ಲು ಮಗಾ, ನಿಲ್ಲು" ಎಂದು ಹೇಳುತ್ತಿದ್ದಂತೆ, ಒಳಗೆ ನೈಟಿ ಹಾಕಿದ ಭಾವನಿಗೆ ಗೌರಿ ಹಾಲು ಕೊಟ್ಟೇ ಬಿಟ್ಟಳು.

ಮರುದಿನ ಭಾವ ನನ್ನ ಅಂಗಡಿಗೆ ಬಂದರು. ಯಾರೂ ಇಲ್ಲವೆಂದು ನೋಡಿಕೊಂಡು ಚೀಲದಿಂದ ಹೂವಿನ ನೈಟಿಯೊಂದನ್ನು ತೆಗೆದರು. "ಇದು ಭುಜದಲ್ಲಿ ಬಿಗಿ ಆಗ್ತದೆ. ಸ್ವಲ್ಪ ಬಿಡಿಸಿ ಕೊಡ್ತೀಯಾ?"

ಅಳತೆ ತೆಗೆದು, ಪುಸ್ತಕದಲ್ಲಿ ಯಾರ ಹೆಸರು ಬರೆಯುವುದೆಂದು ಕೇಳಿದೆ. ಭಾವ ಯೋಚಿಸಿ, "ಗೌರಿ ಅಂತ ಬರಿ" ಎಂದರು.

೫. ಪೈಪಿನ ಬಾಯಲ್ಲಿ

ಪಾರ್ಕಿನಲ್ಲಿ ದೊಡ್ಡಕ್ಕ ಮಧ್ಯಾಹ್ನದವರೆಗೆ ಮಕ್ಕಳ ಕೊಳದಲ್ಲಿ ಕೂತು ಧೈರ್ಯ ಒಟ್ಟು ಮಾಡಿದರು. ನಾಲ್ಕು ಗಂಟೆಗೆ ಪೈಪಿನ ಮೆಟ್ಟಿಲು ಹತ್ತಿದರು. ಅವರ ಮೊಬೈಲನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಹಿಡಿದುಕೊಂಡು ಜೊತೆಗೆ ನಾನು. ನಾನು ಜಾರುವವಳಲ್ಲ, ಮೇಲಿನವರೆಗೆ ಬಿಟ್ಟು ಬರುವವಳು. ಅವರ ಸರದಿ ಬಂತು ಎನ್ನುವಾಗ ಮೊಬೈಲು ಬಡಿದುಕೊಂಡಿತು. ವಿಡಿಯೋ ಕಾಲ್. ಹೂವಿನ ನೈಟಿಯಲ್ಲಿ ಭಾವ, ಹಿಂದೆ ಗೌರಿ.

"ಕೊಡುದಿಲ್ಲ ಇದು! ನೈಟಿ ಹಾಕಿದ್ದೇನೆ, ತಲೆಗೆ ನಿನ್ನ ಬೈರಾಸೂ ಕಟ್ಟಿದ್ದೇನೆ. ತಿರುಗಿ ತಿರುಗಿ ನಿನ್ನನ್ನೇ ಹುಡುಕ್ತದೆ."

ದೊಡ್ಡಕ್ಕನ ಮುಖ ಬಾಡಿತು. "ಹಾಲು ಉಳಿದ್ರೆ ಕೆಚ್ಚಲು ಬಾತೀತು. ವ್ಯಾನಿನವನಿಗೆ ಹೇಳು, ಹೋಗುವ" ಎಂದು ಮೆಟ್ಟಿಲು ಇಳಿಯಲು ತಿರುಗಿಯೇ ಬಿಟ್ಟರು. ಮದುವೆಯ ಊಟದಿಂದ ಎದ್ದು ಬಂದದ್ದು ಹೀಗೆಯೇ ಇರಬೇಕು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವರ ರಟ್ಟೆ ಹಿಡಿದೆ.

"ಹಟ್ಟಿಯ ಹೊರಗೆ ನಿಂತು ದಿನಾ ಎಂತ ಹೇಳ್ತಾ ಇದ್ರಿ? ಅದನ್ನೇ ಇಲ್ಲಿಂದ ಹೇಳಿ ದೊಡ್ಡಕ್ಕಾ. ಅದಕ್ಕೆ ಬೇಕಾದ್ದು ನಿಮ್ಮ ಸ್ವರ. ಭಾವಾ, ಮೊಬೈಲನ್ನು ಅದರ ಕಿವಿಯ ಹತ್ತಿರ ಹುಲ್ಲಿಗೆ ಒರಗಿಸಿ ಇಡಿ."

ಭಾವ ಅನುಮಾನಿಸಿದರು. "ಅಲ್ಲಿ ಯಾರಾದ್ರೂ ಇದ್ದಾರಾ? ನನ್ನ ಈ ವೇಷ..."

ದೊಡ್ಡಕ್ಕ ಹಿಂದೆ ನೋಡಿದರು. ಮೆಟ್ಟಿಲ ತುಂಬ ನಲವತ್ತು ಜನ ಕತ್ತು ಉದ್ದ ಮಾಡಿ ಮೊಬೈಲನ್ನೇ ನೋಡುತ್ತಿದ್ದರು. "ಯಾರೂ ಇಲ್ಲ, ನಾನೊಬ್ಬಳೇ" ಎಂದರು ದೊಡ್ಡಕ್ಕ. ನಲವತ್ತೂ ಜನ ಬಾಯಿಗೆ ಕೈ ಅಡ್ಡ ಹಿಡಿದರು.

"ನಿಲ್ಲು ಮಗಾ, ನಿಲ್ಲು. ಇಲ್ಲೇ ಇದ್ದೇನಲ್ಲಾ." ಸೀಟಿ ಊದುತ್ತಿದ್ದ ಪಾರ್ಕಿನವನೂ ಸುಮ್ಮನಾದ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮೊಬೈಲಿನೊಳಗಿಂದ ಚೊರ್, ಚೊರ್ ಎಂದು ಬಾಲ್ದಿಗೆ ಹಾಲು ಬೀಳುವ ಶಬ್ದ. ಕರೆದು ಮುಗಿಯುವವರೆಗೆ ಸಾಲಿನಲ್ಲಿ ಒಬ್ಬರೂ ಗೊಣಗಲಿಲ್ಲ.

"ಆಯ್ತು!" ಎಂದರು ಭಾವ. ದೊಡ್ಡಕ್ಕ ಮೊಬೈಲನ್ನು ನನ್ನ ಕೈಗೆ ತುರುಕಿ, ಪೈಪಿನ ಬಾಯಲ್ಲಿ ಕೂತು ಕೈ ಬಿಟ್ಟರು. "ಅಯ್ಯಯ್ಯಯ್ಯೋ" ಎಂಬ ಸ್ವರ ಪೈಪಿನುದ್ದಕ್ಕೂ ಇಳಿಯುತ್ತಾ ಹೋಯಿತು.

"ಎಂತ ಆಯ್ತು ಅವಳಿಗೆ?" ಭಾವ ಕಿರುಚಿದರು.

"ಎಂತದೂ ಆಗ್ಲಿಲ್ಲ ಭಾವಾ. ನೀರಿನಲ್ಲಿ ಎದ್ದು ನಿಂತು ನಗ್ತಾ ಇದ್ದಾರೆ, ನೋಡಿ" ಎಂದು ಖುಷಿಯಲ್ಲಿ ಮೊಬೈಲನ್ನು ಕೆಳಗೆ ತಿರುಗಿಸಿದೆ. ತಿರುಗಿಸುವಾಗ ಭಾವನಿಗೆ ಮೆಟ್ಟಿಲೂ ಕಂಡಿತು, ಮೆಟ್ಟಿಲ ಮೇಲಿನ ನಲವತ್ತು ಜನರೂ ಕಂಡರು. ಮುಂದಿದ್ದ ಒಬ್ಬರು ಭಾವನಿಗೆ ಕೈ ಮುಗಿದರು.

ಹೂವಿನ ನೈಟಿಯಲ್ಲಿ ಬಾಲ್ದಿ ಹಿಡಿದ ಭಾವ ತಲೆಯ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡರು. ಆಮೇಲೆ ಜೋರಾಗಿ ಹೇಳಿದರು:

"ನನ್ನ ಮರ್ಯಾದೆ ಹೇಗೂ ಹೋಯ್ತು. ಅಷ್ಟಕ್ಕೆ ಒಂದೇ ಸಲ ಜಾರಿದ್ರೆ ಸಾಲದು ಅಂತ ಹೇಳು ಅವಳಿಗೆ. ಇನ್ನೂ ನಾಲ್ಕು ಸಲ ಹತ್ತಲಿ!"