ಭಾವನ ಸೀಲಿಂಗು, ನಾಲ್ಕು ಹೆಲ್ಮೆಟ್ಟು

ನಮ್ಮ ಭಾವನಿಗೆ ಗೊತ್ತಿಲ್ಲದ ಕೆಲಸ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಹಾಗೆಂದು ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ! ಯಲ್ಲಾಪುರದ ಅವರ ಮನೆಯಲ್ಲಿ ಅವರೇ ರಿಪೇರಿ ಮಾಡಿದ ಫ್ಯಾನು ಉಲ್ಟಾ ತಿರುಗುತ್ತದೆ. ಉಲ್ಟಾ ಎಂದು ತೋರಿಸಿದವರ ಜೊತೆ ಭಾವ ಎರಡು ವಾರ ಮಾತು ಬಿಡುತ್ತಾರೆ. ನಾನೊಮ್ಮೆ ತೋರಿಸಿ ಅನುಭವಿಸಿದ್ದೇನೆ.

ಇಂಥ ಭಾವ ಕಳೆದ ವರ್ಷ ಸೀಲಿಂಗ್ ಹಾಕಲು ಹೊರಟರು. ಕಾರಣವೇನೂ ಸಣ್ಣದಲ್ಲ. ಅಕ್ಕನಿಗೆ ಒಂದು ಕಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಉಳಿದ ಒಂದಕ್ಕೆ ಹುಬ್ಬಳ್ಳಿಯಲ್ಲಿ ಪೊರೆಯ ಆಪರೇಶನ್ ಆಗಿ, ಅಲ್ಲೇ ಮಗಳ ಮನೆಯಲ್ಲಿದ್ದಳು. ದೃಷ್ಟಿ ಎಷ್ಟು ಮರಳುತ್ತದೆಂದು ಕೆಲವು ದಿನ ಕಾದು ನೋಡಬೇಕು, ಧೂಳು ಮಾತ್ರ ಬೀಳಲೇಬಾರದು ಎಂದಿದ್ದರು ಡಾಕ್ಟರು. ಅವಳ ಕೋಣೆಗೋ ಬರೀ ಹಂಚು. ಮೇಲೆ ಬೆಕ್ಕು ಓಡಿದರೆ ಕೆಳಗೆ ಹಾಸಿಗೆಯ ತುಂಬ ಕಸ. ಶಿರಸಿಯ ಸೀಲಿಂಗಿನವರು ಹದಿನೈದು ದಿನ ಬಿಟ್ಟು ಬರುತ್ತೇವೆಂದರು. ಆಸ್ಪತ್ರೆಯ ವಾಸನೆಗೇ ತಲೆ ತಿರುಗುವ ಭಾವ ಮನೆಯಲ್ಲೇ ಉಳಿದಿದ್ದರಲ್ಲ, ಪಿಕಪ್ಪಿನಲ್ಲಿ ಜಿಪ್ಸಮ್ ಶೀಟು ತರಿಸಿಯೇಬಿಟ್ಟರು!

"ಊರ ಮದುವೆಗೆಲ್ಲ ಚಪ್ಪರ ಹಾಕಿದವ ಆನು. ಇದೆಂತ ಮಹಾ?" ಎಂದರು.

ಸುರಕ್ಷಿತವಾಗಿ, ಸುಲಭವಾಗಿ ಸೀಲಿಂಗ್ ಹಾಕುವ ವಿಡಿಯೋವೊಂದನ್ನು ನಾನು ಮೊಬೈಲಿನಲ್ಲಿ ತೋರಿಸಿದೆ. ಭಾವ ಅರ್ಧ ನೋಡಿ, ಅದರಿಂದ ಒಂದೇ ಒಂದು ಸಂಗತಿ ಕಲಿತರು: ಹೆಲ್ಮೆಟ್! ಅದು ಇರುವುದೇ ಶೀಟನ್ನು ಅದರ ಮೇಲೆ ಹೊರಲಿಕ್ಕೆ ಎಂದು ಅವರ ತೀರ್ಮಾನ. ಹಾಗಾಗಿ ಭಾವ, ನಾನು, ಪಕ್ಕದ ಮನೆಯ ಅಣ್ಣತಮ್ಮಂದಿರು, ನಾಲ್ವರೂ ಬೈಕಿನ ಹೆಲ್ಮೆಟ್ ಹಾಕಿಕೊಂಡು ಎರಡು ಮೇಜು ಹತ್ತಿ ನಿಂತೆವು. ಶೀಟು ನಮ್ಮ ತಲೆಗಳ ಮೇಲೆ ಕೂತಿತು. ಭಾವ ಮೊದಲ ಸ್ಕ್ರೂ ಹಚ್ಚುವಷ್ಟರಲ್ಲಿ, ಅಕ್ಕನ ಆರೋಗ್ಯ ವಿಚಾರಿಸಲು ಮಂಚಿಕೇರಿಯ ಬೀಗರು ಬಾಗಿಲಿಗೆ ಬಂದರು.

ನಮ್ಮ ಕಡೆ ಬಂದವರಿಗೆ ಮೊದಲು ಆಸರಿಗೆ ಕೇಳಬೇಕು, ಅಂದರೆ ಕುಡಿಯಲು ಏನು ಬೇಕೆಂದು. ಉಳಿದ ಮಾತೆಲ್ಲ ಆಮೇಲೆ. ಕೇಳುವುದು ತುಸು ತಡವಾದರೂ ಸುದ್ದಿ ಸಿದ್ದಾಪುರ ಮುಟ್ಟುತ್ತದೆ. "ಬನ್ನಿ ಬನ್ನಿ, ಆಸ್ರಿಗೆ ಎಂತ ಅಕ್ಕು?" ಎನ್ನುತ್ತ ಭಾವ ಮೇಜಿನಿಂದ ಹಾರಿದರು. ಯಜಮಾನರೇ ಇಳಿದ ಮೇಲೆ ನಾವು ಮೇಲೆ ನಿಂತಿರುವುದು ಮರ್ಯಾದೆಯೇ? ನಾವೂ ಅದನ್ನೇ ಕೇಳುತ್ತ ಇಳಿದೆವು. ಎಲ್ಲರಿಗಿಂತ ಕೊನೆಗೆ ಶೀಟು ಇಳಿಯಿತು, ಎರಡು ತುಂಡಾಗಿ!

ಬಿಳಿ ಪುಡಿಯಲ್ಲಿ ಮಿಂದ ಬೀಗರು ಮುಖ ಒರೆಸಿಕೊಂಡು, "ಎಂತದೂ ಬ್ಯಾಡ, ಚಾ ಕುಡ್ಕಂಡೇ ಬಂದಿ" ಎಂದರು. ಪುಣ್ಯಾತ್ಮರು ಸಿಟ್ಟಾಗಲಿಲ್ಲ. ಮುಂದಿನ ಶೀಟಿಗೆ ತಾನೂ ತಲೆ ಕೊಡುತ್ತೇನೆಂದು ನಿಂತರು. ಐದನೆಯ ಹೆಲ್ಮೆಟ್ ಇರಲಿಲ್ಲವಾದ್ದರಿಂದ ಅವರಿಗೆ ಅನ್ನದ ಪಾತ್ರೆ ತೊಡಿಸಿದೆವು. ಮುಂಬಾಗಿಲಿಗೆ ಚಿಲಕವನ್ನೂ ಹಾಕಿದೆವು. ಆದರೂ ಸಂಜೆಯ ತನಕ ಹತ್ತಿದ್ದು ಒಂದೇ ಶೀಟು.

ಮರುದಿನ ಬೆಳಿಗ್ಗೆ ನೋಡಿದರೆ ಭಾವ ಎರಡು ಬಿದಿರ ಗಳುಗಳ ತುದಿಗೆ ಅಡ್ಡಪಟ್ಟಿ ಬಡಿದು, ಅವನ್ನೇ ಶೀಟಿಗೆ ಆಧಾರವಾಗಿ ಕೊಟ್ಟು ಆರಾಮಾಗಿ ಸ್ಕ್ರೂ ಹಾಕುತ್ತಿದ್ದಾರೆ! ವಿಡಿಯೋದಲ್ಲಿ ಇದ್ದದ್ದೂ ಇದೇ ಅಲ್ಲವೇ ಎಂದೆ. ಇದು ಅವರ ಅಜ್ಜನ ಕಾಲದ ಚಪ್ಪರದ ವಿದ್ಯೆಯಂತೆ. ವಿಡಿಯೋದವರು ಕದ್ದದ್ದಂತೆ.

ಅಕ್ಕ ಬಂದ ಮಧ್ಯಾಹ್ನ ಕಪ್ಪು ಕನ್ನಡಕ ಹಾಕಿಕೊಂಡೇ ಹಾಸಿಗೆಯಲ್ಲಿ ಅಂಗಾತ ಮಲಗಿದಳು. ಹೆಂಗಾಯ್ದು ಎಂದು ಭಾವ ಬಾಗಿಲಲ್ಲೇ ನಿಂತು ಕೇಳಿದರು. ಗಂಡನ ಸ್ವಭಾವ ಗೊತ್ತಿಲ್ಲದವಳೇ?

"ಚೆಂದ ಆಯ್ದು. ಒಂದು ಗೆರೆನೂ ಕಾಣ್ತಿಲ್ಲೆ" ಎಂದಳು.

ಭಾವ ಹಿಗ್ಗಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ಶೀಟುಗಳ ನಡುವೆ ಎಷ್ಟು ಗೆರೆ ಇವೆಯೆಂದು ಹಾಕಿದವರಿಗೆ ಗೊತ್ತಿಲ್ಲವೇ? "ಎಂತದೂ ಕಾಣ್ತಿಲ್ಯ?" ಎಂದು ಕೇಳುವಾಗ ಅವರ ದನಿ ನಡುಗುತ್ತಿತ್ತು.

ಅಕ್ಕ ಗಡಬಡಿಸಿ ಎದ್ದು ಕೂತಳು. "ಕಾಣ್ತು ಮಾರಾಯ್ರೇ. ಬೇಜಾರು ಅಪ್ಪದು ಬ್ಯಾಡ ಹೇಳಿ ಸುಳ್ಳು ಹೇಳಿದಿ. ನಡುವಿನ ಗೆರೆ ಸೊಟ್ಟ ಇದ್ದು. ಆ ಮೂಲೆಲಿ ನಿಂಗಳ ಐದೂ ಬೆರಳಿನ ಅಚ್ಚು ಇದ್ದು."

"ಇನ್ನೂ ಹೇಳು" ಎಂದರು ಭಾವ, ಕಣ್ಣೊರೆಸಿಕೊಳ್ಳುತ್ತ.

ಅಕ್ಕ ಒಂದೊಂದೇ ತಪ್ಪು ತೋರಿಸುತ್ತ ಹೋದಳು. ಭಾವ ಎದ್ದು ಬಂದು ಅವಳ ಮಂಚದ ಬುಡದಲ್ಲಿ ಕೂತು, ಒಂದಕ್ಕೂ ಎದುರಾಡದೆ ಎಲ್ಲವನ್ನೂ ಕೇಳಿಸಿಕೊಂಡರು.