ಭಾವನವರ ಬಯೋಡೇಟಾ

ನಾನು ಬಹಳ ಓದುವ ಹೆಂಗಸು. ಕಥೆ, ಕಾದಂಬರಿ ಅಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ, ಬಸ್ ಟಿಕೆಟಿನ ಕೆಳಗಿನ ಸೂಚನೆ, ಕೆಮ್ಮಿನ ಔಷಧದ ಡಬ್ಬಿಯೊಳಗೆ ಮಡಚಿಟ್ಟ ಕಾಗದ, ಇಂಥವು. ಉಮರ್ಗಾದ ನಮ್ಮ ಕಿರಾಣಿ ಅಂಗಡಿಗೆ ಹೊಸ ಸಾಮಾನು ಬಂದರೆ ನನ್ನ ಗಂಡ ಅದರ ಬೆಲೆ ನೋಡುತ್ತಾರೆ, ನಾನು ಬೆಲೆ ಬಿಟ್ಟು ಉಳಿದದ್ದನ್ನೆಲ್ಲ ಓದುತ್ತೇನೆ. ಇದು ಗುಣವೋ ರೋಗವೋ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನನ್ನ ತವರು ಸಾಸ್ತೂರ. ಭೂಕಂಪದಲ್ಲಿ ಕಾಲ ಕೆಳಗಿನ ನೆಲವೇ ಕೈಕೊಟ್ಟ ಊರು. ಅಲ್ಲಿಯ ಹೆಣ್ಣುಮಕ್ಕಳು ನಾವು ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ಗುದ್ದಿ ನೋಡುತ್ತೇವೆ, ಆಮೇಲೆ ಚಹಾ ಕುಡಿಯುತ್ತೇವೆ. ಅಂಥವಳು ಫೋನಿನಲ್ಲಿ ‘ಒಪ್ಪಿದ್ದೇನೆ’ ಎಂಬ ಗುಂಡಿ ಕಂಡಾಗ ಯಾವುದಕ್ಕೆ ಒಪ್ಪಬೇಕೆಂದು ಕೇಳಿದರೆ ತಪ್ಪೇನು?

ಉದಗೀರದಲ್ಲಿರುವ ನನ್ನ ಗಂಡನ ಅಣ್ಣನಿಗೆ ಈ ಪ್ರಶ್ನೆಯೇ ಅಪಶಕುನವಾಗಿ ಕಂಡಿತು. ನನ್ನ ಈ ಭಾವನವರು ಜೋಳ, ತೊಗರಿಯ ವ್ಯಾಪಾರಿ. ಮಾತು ದೊಡ್ಡದು, ಮೀಸೆ ಅದಕ್ಕಿಂತ ದೊಡ್ಡದು, ಮನಸ್ಸು ಎರಡಕ್ಕಿಂತಲೂ ದೊಡ್ಡದು. ಅವರ ಮಗಳು ಸಂಗೀತಾ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ವರ ಹುಡುಕುವುದು ಶುರುವಾಗಿತ್ತು. ನಮ್ಮ ಕಡೆ ಈಗ ಬಯೋಡೇಟಾ ಇಲ್ಲದೆ ಲಗ್ನದ ಮಾತೇ ಏಳುವುದಿಲ್ಲ. ಯಾರೋ ಭಾವನವರಿಗೆ ಒಂದು ಆ್ಯಪ್ ತೋರಿಸಿದ್ದರು. ಹೆಸರು, ಫೋಟೋ ಹಾಕಿದರೆ ಸಾಕು, ಸುತ್ತಲೂ ಹೂಬಳ್ಳಿ, ಮೇಲೆ ದೇವರ ಚಿತ್ರ ಇರುವ ಬಯೋಡೇಟಾ ತಯಾರು. ನಾವು ಉದಗೀರಕ್ಕೆ ಹೋದ ದಿನ ಅವರು ಮಗಳ ಮಾಹಿತಿ ತುಂಬಲು ಕೂತಿದ್ದರು. ಆ್ಯಪು ಹುಡುಗಿಯ ಹುಟ್ಟಿದ ವೇಳೆ, ಮನೆ ವಿಳಾಸ, ತಾಯಿಯ ತವರಿನ ಅಡ್ಡಹೆಸರು, ಆಧಾರ್ ಕಾರ್ಡು ಎಲ್ಲವನ್ನೂ ಕೇಳುತ್ತಿತ್ತು. ಖುದ್ದು ಬೀಗರೂ ಇಷ್ಟು ಕೇಳಲು ನಾಚುತ್ತಾರೆ. ನಾನು ಫೋನು ಇಸಿದುಕೊಂಡು ಷರತ್ತುಗಳನ್ನು ಓದತೊಡಗಿದೆ.

“ಸರೋಜಾ, ಏನ್ ಓದಲಿಕ್ಕತ್ತಿ? ಫುಕಟ್ ಅದ. ಒಂದು ಪೈಸಾ ತಗೊಳ್ಳಂಗಿಲ್ಲ,” ಎಂದರು ಭಾವ.

“ಪೈಸಾ ತಗೊಳ್ಳಲಾರದಾಂವ ಮತ್ತೇನು ತಗೋತಾನ ಅಂತ ನೋಡಬೇಕಲ್ರೀ ಭಾವಾ. ನಿಮ್ಮ ಮಾಹಿತಿ ನಮ್ಮ ಪಾರ್ಟನರ್‌ಗೋಳಿಗೆ ಕೊಡ್ತೀವಿ ಅಂತ ಬರದಾರ. ನೀವು ದುಕಾನದಾಗ ಒಬ್ಬ ಪಾರ್ಟನರ್ ಮಾಡ್ಕೋಬೇಕಂದ್ರ ಅವನ ಅಜ್ಜನ ತನಕಾ ವಿಚಾರಸ್ತೀರಿ. ಇವರ ಪಾರ್ಟನರ್ ಯಾರ್ರೀ?”

ಸಂಗೀತಾಳೂ ಬಾಗಿಲ ಬಳಿಯಿಂದ, “ಪಪ್ಪಾ, ಸರೋಜಾ ಕಾಕು ಹೇಳೋದು ಖರೆ ಅದ. ನಮ್ಮ ಲ್ಯಾಬಿನಾಗ ಒಬ್ಬಾಕಿ ಫೋಟೋ, ನಂಬರ್ ಹಿಂಗೇ ಎಲ್ಲೋ ಹೋಗಿ, ಯಾರ‍್ಯಾರೋ ಫೋನ್ ಮಾಡಿ, ಆಕಿ ಫೋನೇ ಬಂದ್ ಮಾಡಿ ಕುಂತಾಳ. ನನ್ನದು ಹಾಕಬ್ಯಾಡ್ರಿ,” ಎಂದಳು. ಆ ಮಾತು ಕೇಳಿದ ಮೇಲೆ ನಾನು ಫೋನು ವಾಪಸು ಕೊಡುವವಳಾಗಿರಲಿಲ್ಲ.

“ಕಾಹೀ ಹೋತ್ ನಾಹೀ! ಏನೂ ಆಗಂಗಿಲ್ಲ!” ಎಂದು ಭಾವ ಮೀಸೆ ಮುಟ್ಟಿಕೊಂಡರು. “ನಿಮಗ ಅಷ್ಟು ಅಂಜಿಕಿ ಇದ್ರ ಮೊದಲ ನನ್ನದೇ ಹಾಕಿ ತೋರಿಸ್ತೀನಿ.” ನನ್ನ ಕೈಯಿಂದ ಫೋನು ಕಸಿದುಕೊಂಡು, ರುಮಾಲು ಸುತ್ತಿದ ತಮ್ಮ ಫೋಟೋ, ತಮ್ಮ ಹೆಸರು, ತಮ್ಮ ನಂಬರು ಹಾಕಿದರು. ಆ್ಯಪು ಕೇಳಿದ್ದಕ್ಕೆಲ್ಲ ‘ಒಪ್ಪಿದ್ದೇನೆ’ ಎಂದು ಒತ್ತಿದರು. ಹೂಬಳ್ಳಿಯ ನಡುವೆ ಭಾವನವರು ಬಲು ಚೆನ್ನಾಗಿಯೇ ಕಂಡರು. ನಾನು ಸೋತ ಮುಖ ಮಾಡಿಕೊಂಡು ಉಮರ್ಗಾಕ್ಕೆ ಮರಳಿದೆ. ಬಸ್ಸಿನಲ್ಲಿ ನನ್ನ ಗಂಡ ದಾರಿಯುದ್ದಕ್ಕೂ ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಸುಮ್ಮನಿದ್ದು ನಗುವುದರಲ್ಲಿ ಅವರು ನಿಪುಣರು.

ಮರುದಿನ ಒಲೆಯ ಮೇಲೆ ಹಾಲಿಟ್ಟಿದ್ದೆ. ಭಾವನವರ ಹೆಂಡತಿ ಮಹಾನಂದಕ್ಕನ ಫೋನು ಬಂತು. “ಸರೋಜಾ, ಲಗೂ ಬಾರೇ. ಇವರಿಗಿ ಹೆಣ್ಣು ಬರ್ಲಿಕ್ಕತ್ತಾವ!” ಹಾಲು ಉಕ್ಕಿತು, ನಾನೂ ಉಕ್ಕಿದೆ.

ಉದಗೀರದಲ್ಲಿ ಭಾವನವರು ಫೋನನ್ನು ತೊಗರಿಯ ಚೀಲದ ಮೇಲಿಟ್ಟು, ಚೇಳನ್ನು ನೋಡುವಂತೆ ದೂರದಿಂದ ನೋಡುತ್ತ ಕೂತಿದ್ದರು. ಅದು ನಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಒಬ್ಬರು ವಧು ಇದ್ದಾಳೆನ್ನುವರು, ಒಬ್ಬರು ಬೊಕ್ಕತಲೆಗೆ ಎಣ್ಣೆ ಇದೆಯೆನ್ನುವರು, ಇನ್ನೊಬ್ಬರು ಹೊಸ ಸಂಸಾರಕ್ಕೆ ಪ್ಲಾಟು ಬೇಕೇ ಎನ್ನುವರು. ಅದಾದರೂ ಸಹಿಸಬಹುದಿತ್ತು. ಒತ್ತಿದ ಗುಂಡಿಗಳಲ್ಲಿ ಒಂದು, ಫೋನಿನೊಳಗಿನ ಎಲ್ಲ ನಂಬರುಗಳನ್ನೂ ಆ್ಯಪಿನ ಕೈಗೆ ಕೊಡುವ ಗುಂಡಿಯಾಗಿತ್ತು. ‘ನಿಮ್ಮ ಪರಿಚಯದವರು ಬಾಳಸಂಗಾತಿ ಹುಡುಕುತ್ತಿದ್ದಾರೆ’ ಎಂಬ ಸಂದೇಶ ಅಡತಿಯ ದಲಾಲರಿಗೆ, ಹಮಾಲರಿಗೆ, ಮಠದ ಅಯ್ಯನವರಿಗೆ, ಎಲ್ಲರಿಗೂ ಹೋಗಿತ್ತು. ಮಾಕಣಿಯಿಂದ ಮಹಾನಂದಕ್ಕನ ತಮ್ಮಂದಿರು ಜೀಪು ಮಾಡಿಕೊಂಡು ಬಂದು ಅಂಗಳದಲ್ಲಿ ನಿಂತಿದ್ದರು. “ನಮ್ಮ ಅಕ್ಕಗ ಏನಾಗ್ಯಾದ, ಮೊದಲ ಅದು ಹೇಳ್ರಿ!” ಅಕ್ಕ ಒಳಗಿನಿಂದಲೇ, “ನಾ ಇನ್ನಾ ಜೀವಂತ ಇದ್ದೀನಿ, ಕುಂದರ್ರಿ, ಚಹಾ ಕುಡೀರಿ,” ಎಂದು ಕೂಗಿದರು.

ಭಾವನವರು ನನ್ನನ್ನು ನೋಡಿದರು. ಅವರ ಮೀಸೆ ಇಳಿದದ್ದನ್ನು ನಾನು ಅಂದೇ ಮೊದಲು ಕಂಡದ್ದು. “ಸರೋಜಾ, ಇದಕ್ಕ ಏನರೆ ಮಾಡವ್ವಾ.”

ಆ ಮಾತಿಗಾಗಿ ನಾನು ಎಷ್ಟು ಜನ್ಮ ಬೇಕಾದರೂ ಕಾಯುತ್ತಿದ್ದೆ. ಕುರ್ಚಿ ತರಿಸಿ ಕೂತೆ. ಮೊದಲು ಆ್ಯಪಿಗೆ ಕೊಟ್ಟ ಅನುಮತಿಗಳನ್ನು ಒಂದೊಂದಾಗಿ ಕಿತ್ತುಕೊಂಡೆ. ಭಾವ ಆ್ಯಪನ್ನೇ ಅಳಿಸಲು ಕೈಹಾಕಿದಾಗ, “ತಡೀರಿ ಭಾವಾ. ದುಕಾನಕ್ಕ ಕೀಲಿ ಹಾಕಿದ್ರ ಒಳಗಿನ ಮಾಲು ಹೋಗ್ತದೇನು?” ಎಂದೆ. ಖಾತೆಯನ್ನು ಅಳಿಸಿ, ಹೆಸರು, ಫೋಟೋ, ನಂಬರು ಎಲ್ಲ ತೆಗೆದುಹಾಕಿ ಎಂದು ಆ್ಯಪಿನವರಿಗೆ ಮೇಲ್ ಬರೆದು, ಭಾವನವರ ಇಮೇಲಿನ ಪಾಸ್‌ವರ್ಡ್ ಬದಲಿಸಿ, ಆಮೇಲೆಯೇ ಆ್ಯಪಿಗೆ ಮಣ್ಣು ಕೊಟ್ಟೆ. ಕೆಲವು ದಿನಗಳಲ್ಲಿ ‘ತೆಗೆದಿದ್ದೇವೆ’ ಎಂಬ ಉತ್ತರ ಬಂತು. ಫೋನು ಮೆಲ್ಲಮೆಲ್ಲಗೆ ತಣ್ಣಗಾಯಿತು.

ಸಂಗೀತಾಳ ಬಯೋಡೇಟಾವನ್ನು ಅವಳೂ ನಾನೂ ಮನೆಯ ಕಂಪ್ಯೂಟರಿನಲ್ಲಿ, ಇಂಟರ್ನೆಟ್ ತೆಗೆದಿಟ್ಟು ಟೈಪು ಮಾಡಿದೆವು. ಹೂಬಳ್ಳಿ ಇಲ್ಲ, ವಿಳಾಸ ಇಲ್ಲ, ಹುಡುಗಿಯ ನಂಬರಂತೂ ಇಲ್ಲವೇ ಇಲ್ಲ. ಗೊತ್ತಿದ್ದ ಮನೆಗಳಿಗೆ ಮಾತ್ರ ಕೈಯಾರೆ ಕೊಟ್ಟೆವು. “ಇಷ್ಟು ಬೋಳು ಬಯೋಡೇಟಾ ಯಾರು ನೋಡ್ತಾರ?” ಎಂದು ಊರೆಲ್ಲ ನಕ್ಕಿತು. ನಿಲಂಗಾದ ಒಬ್ಬ ಗಣಿತದ ಮೇಷ್ಟ್ರು ನೋಡಿದ. ಹೆಣ್ಣು ನೋಡಲು ಬಂದು ನಮ್ಮೆಲ್ಲರೆದುರಿಗೆ ಸಂಗೀತಾಳಿಗೆ ಹೇಳಿದ: “ನಿಮ್ಮ ಬಯೋಡೇಟಾದಾಗ ಬರೀಲಾರದ್ದೇ ಭಾಳ ಅದ. ಅದನ್ನ ನಿಮ್ಮನ್ನೇ ಕೇಳಬೇಕು ಅನ್ನಿಸ್ತು.” ಅವಳ ಮುಖ ನೋಡಬೇಕಿತ್ತು ನೀವು! ನಿಶ್ಚಯದ ದಿನ ಭಾವನವರು ತುಂಬಿದ ಚಪ್ಪರದಲ್ಲಿ ನನ್ನನ್ನು ಮುಂದೆ ಕರೆದು, “ಈ ಸಂಬಂಧ ಕೂಡಿದ್ದು ನಮ್ಮ ಸರೋಜಾನ ಅಕಲಿನಿಂದ, ಬುದ್ಧಿಯಿಂದ,” ಎಂದು ಶಾಲು ಹೊದಿಸಿದರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಶಾಲನ್ನು ನಾನು ಬಿಸಿಲಿನಲ್ಲೂ ತೆಗೆಯಲಿಲ್ಲ.

ಅಂದಿನಿಂದ ಉಮರ್ಗಾ, ನಿಲಂಗಾ, ಉದಗೀರ ಮೂರೂ ಊರಿನ ಬಂಧುಬಳಗಕ್ಕೆ ನಾನೇ ಫೋನಿನ ವೈದ್ಯೆ. ಅಂಗಡಿಗೆ ಅಕ್ಕಿ ಕೊಳ್ಳಲು ಬಂದವರು ಫೋನು ತೆಗೆದು ನನ್ನ ಕೈಗಿಟ್ಟು, “ವೈನಿ, ಪಾಸ್‌ವರ್ಡ್ ನಮ್ಮ ಎಮ್ಮಿ ಹೆಸರು!” ಎಂದು ಎಲ್ಲರೆದುರು ಕೂಗುತ್ತಾರೆ. ಯಾರಿಗೂ ಹೇಳಬಾರದು ಎಂದರೆ, “ನೀವೇನು ಹೊರಗಿನವರೇನ್ರೀ?” ಎನ್ನುತ್ತಾರೆ. ಹೀಗಾಗಿ ನನ್ನ ಹೊಟ್ಟೆಯಲ್ಲಿ ಏನೇನೋ ಸೇರಿಕೊಂಡಿದೆ. ಬಹಳ ಮರ್ಯಾದಸ್ಥರೊಬ್ಬರ ಪಾಸ್‌ವರ್ಡ್ ಒಬ್ಬ ಹೆಂಗಸಿನ ಹೆಸರು, ಅವರ ಹೆಂಡತಿಯದಲ್ಲ. ಯಾರದೆಂದು ನನ್ನ ಗಂಡ ಊಟಕ್ಕೆ ಕೂತಾಗಲೆಲ್ಲ ಕೇಳುತ್ತಾರೆ, ಮಹಾನಂದಕ್ಕ ಫೋನು ಮಾಡಿ ಕೇಳುತ್ತಾರೆ. ನಾನು ತುಟಿ ಬಿಗಿಹಿಡಿದು ಕೂರುತ್ತೇನೆ. ಗುಟ್ಟು ಕಾಯಬೇಕೆಂದು ಮೂರು ಊರಿಗೆ ಕಲಿಸಿದವಳು ನಾನು. ಕಾಯುವವರ ಹೊಟ್ಟೆ ಇಷ್ಟು ಉಬ್ಬರಿಸುತ್ತದೆಂದು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.