ಕಂಪ್ಯೂಟರಿಗೆ ಒಳಜ್ವರ

ಮೂರನೆಯ ಸಲವೂ ರಜೆ ಇಲ್ಲ ಎಂದಾಗ ನೀರಿನ ಬಿಲ್ ಕಚೇರಿಯ ಗುಮಾಸ್ತನಿಗೆ ತಲೆ ಕೆಟ್ಟುಹೋಯಿತು. ನಾಳೆಯೇ ನಾದಿನಿಯ ಮದುವೆ. "ಬರದೇ ಇದ್ರೆ ಆಮೇಲೆ ಈ ಮನೆಗೂ ಬರಬೇಡಿ" ಎಂದು ಹೆಂಡತಿ ಖಡಾಖಂಡಿತವಾಗಿ ಹೇಳಿದ್ದಳು.

ಕಂಪ್ಯೂಟರೇ ಹಾಸಿಗೆ ಹಿಡಿದರೆ ತನಗೇನು ಕೆಲಸ? ಗುಮಾಸ್ತ ಕೂತು ಒಂದು ಪುಟ್ಟ ಸ್ಕ್ರಿಪ್ಟ್ ಬರೆದ. ಪ್ರೊಸೆಸರಿನ ಬಿಸಿ ಎಷ್ಟು, ಮೆಮೊರಿಯಲ್ಲಿ ಜಾಗ ಎಷ್ಟು ಎಂಬುದನ್ನೆಲ್ಲ ಅದು ಪರದೆಯ ಮೇಲೆ ದಪ್ಪಕ್ಷರದಲ್ಲಿ ತೋರಿಸಿತು. ದರಿದ್ರದ ಕಂಪ್ಯೂಟರು, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದಕ್ಕೇ ಬಿಸಿಗೆ ಹತ್ತು ಡಿಗ್ರಿ ಕೂಡಿಸುವ ಒಂದು ಸಾಲು ಸೇರಿಸಿದ. ಅವಸರದಲ್ಲಿ ಆ ಸಾಲನ್ನು ನಿಮಿಷಕ್ಕೊಮ್ಮೆ ಸುತ್ತುವ ಲೂಪಿನೊಳಗೆ ಇಟ್ಟುಬಿಟ್ಟ. ನಿಮಿಷಕ್ಕೆ ಹತ್ತರಂತೆ ಜ್ವರ ಏರತೊಡಗಿತು.

ಅವನು ಊಟ ಮುಗಿಸಿ ಬರುವಷ್ಟರಲ್ಲಿ ಮೇಜಿನ ಸುತ್ತ ಜನ. ಪರದೆಯ ಮೇಲೆ ಐನೂರು ಡಿಗ್ರಿ!

"ಅಯ್ಯೋ ಪಾಪ, ಕುದೀತಿದೆ!" ಎಂದು ಕ್ಯಾಷಿಯರಮ್ಮ ಒದ್ದೆ ಕರವಸ್ತ್ರ ಹಿಂಡಿ ಕಂಪ್ಯೂಟರಿನ ನೆತ್ತಿಗೆ ಹಾಕಿದರು. ಟಪಾಲು ನೋಡಿಕೊಳ್ಳುವ ಹಿರಿಯರು ಗುಮಾಸ್ತನ ಟೇಬಲ್ ಫ್ಯಾನನ್ನು ಅದರತ್ತ ತಿರುಗಿಸಿದರು. ಗುಮಾಸ್ತ ಬೆವರೊರೆಸಿಕೊಂಡ.

ಗದ್ದಲ ಕೇಳಿ ಸಾಹೇಬರು ಬಂದರು. ಕಂಪ್ಯೂಟರನ್ನು ಮುಟ್ಟಿ ನೋಡಿ, "ತಣ್ಣಗಿದೆಯಲ್ರೀ?" ಎಂದರು.

"ಒಳಜ್ವರ ಸಾರ್," ಎಂದರು ಹಿರಿಯರು. "ಮುಟ್ಟಿದ್ರೆ ಗೊತ್ತಾಗಲ್ಲ. ನಮ್ಮ ಭಾವನಿಗೂ ಹೀಗೇ ಆಗಿತ್ತು."

"ಆಮೇಲೆ?"

"ಸುಮ್ನೆ ಮಲಗಿಸಿದ್ವಿ. ಸರಿಹೋದ್ರು."

ಸಾಹೇಬರು ಮೀಸೆ ನೀವಿಕೊಂಡರು. "ಸರಿ, ನಾಳೆ ರಜೆ ಮಂಜೂರು."

ಗುಮಾಸ್ತನಿಗೆ ಸ್ವರ್ಗಕ್ಕೆ ಮೂರೇ ಗೇಣು. ನಿಂತಲ್ಲೇ ಹೆಂಡತಿಗೆ ಫೋನ್ ಹಚ್ಚಿ, "ರಜೆ ಸಿಕ್ತು ಕಣೇ! ಬಟ್ಟೆಬರೆ ಕಟ್ಟು!" ಎಂದ.

"ಯಾರಿಗ್ರೀ ಸಿಕ್ಕಿದ್ದು?" ಸಾಹೇಬರು ಹುಬ್ಬೇರಿಸಿದರು. "ರಜೆ ಕಂಪ್ಯೂಟರಿಗೆ. ಒಂದೇ ಮೇಜಿನಿಂದ ಇಬ್ಬರನ್ನ ಒಟ್ಟಿಗೆ ಕಳ್ಸೋಕಾಗುತ್ತಾ? ನಾಳೆ ಬಿಲ್ಲೆಲ್ಲ ನೀವು ಕೈಯಲ್ಲೇ ಬರೀರಿ."

"ಸಾರ್, ಅದಕ್ಕೆ ಜ್ವರಾನೂ ಇಲ್ಲ, ಮಣ್ಣೂ ಇಲ್ಲ! ಸುಳ್ಳು ಲೆಕ್ಕ ತೋರಿಸೋ ಹಾಗೆ ನಾನೇ ಬರೆದದ್ದು!"

"ಛೆ ಛೆ! ರಜೆ ಅದಕ್ಕೆ ಸಿಕ್ತು ಅಂತ ಇಷ್ಟೊಂದು ಹೊಟ್ಟೆಕಿಚ್ಚಾ?" ಎಂದು ಕ್ಯಾಷಿಯರಮ್ಮ ಮುಖ ತಿರುಗಿಸಿದರು.

"ರೋಗಿ ಹತ್ರ ಕೂಗಾಡಬೇಡಪ್ಪ," ಎಂದು ಹಿರಿಯರು ಅವನ ಕುರ್ಚಿಯನ್ನೂ ದೂರ ಸರಿಸಿದರು.

ಕೈಯಲ್ಲಿದ್ದ ಫೋನಿನಲ್ಲಿ ಹೆಂಡತಿ ಇನ್ನೂ ಕೇಳುತ್ತಲೇ ಇದ್ದಳು: "ರೀ, ಎಷ್ಟು ಗಂಟೆಗೆ ಹೊರಡೋಣ?"